ಒಂದು ಹಿಡಿ ಕೊಸರು

ಇವತ್ತು ಕಾರ್ತಿಕದ ಕಡೇ ಸೋಮವಾರ, ಕಡಲೆಕಾಯಿ ಪರಿಷೆ. ಹೋಗಬಾರದು ಅಂದುಕೊಂಡಿದ್ದೆ. ಕಾಲು ಸುಮ್ನೆ ಬಸವನಗುಡಿ ಕಡೆಗೇ ನಡೆಯಿತು.

ಬ್ಯೂಗಲ್ ರಾಕ್ ಪಕ್ಕ ಒಂದು ಸೇರು ಹುರಿದ ಕಾಯಿ ಕೊಂಡೆ. ನನ್ನ ಹೆಂಡತಿ ಇದ್ದಿದ್ದರೆ ಅಳೆದು ಮುಗಿದ ಮೇಲೂ ಚೀಲ ಮುಚ್ಚುತ್ತಿರಲಿಲ್ಲ. "ಕೊಸರು ಹಾಕಮ್ಮ" ಅಂತ ನಿಂತೇ ಇರುತ್ತಿದ್ದಳು. ನನಗೋ ನಾಚಿಕೆ. ನಾಲ್ಕು ಹೆಜ್ಜೆ ದೂರ ಹೋಗಿ, ಅವಳು ಯಾರೋ ಅನ್ನೋ ಹಾಗೆ ನಿಲ್ಲುತ್ತಿದ್ದೆ.

ಕ್ಯಾನ್ಸರ್ ಅಂತ ಗೊತ್ತಾದಾಗ ಡಾಕ್ಟರು ಆರು ತಿಂಗಳು ಅಂದಿದ್ದರು. 21 ದಿನಕ್ಕೊಂದು ಕೀಮೋ. ಬಾಯೆಲ್ಲ ತುಕ್ಕು ಕಬ್ಬಿಣದ ರುಚಿ ಅನ್ನುತ್ತಿದ್ದಳು. ಕಾಫಿ ಕೂಡ ಸೇರುತ್ತಿರಲಿಲ್ಲ. ಕೂದಲು ಹೋಗಿದ್ದಕ್ಕಿಂತ ನನಗೆ ಅದೇ ಜಾಸ್ತಿ ಸಂಕಟ, ಯಾಕೋ ಗೊತ್ತಿಲ್ಲ.

ಎಂಟನೇ ತಿಂಗಳ ಒಂದು ಬೆಳಗ್ಗೆ ತಾನೇ ಕೇಳಿ ಅರ್ಧ ಲೋಟ ಕುಡಿದಳು. ಗೋಡೆಯ ಕ್ಯಾಲೆಂಡರ್ ನೋಡಿ ನಕ್ಕಳು. "ನೋಡ್ರೀ, ಎರಡು ತಿಂಗಳು ಕೊಸರು ಹಾಕಿಸ್ಕೊಂಡಿದೀನಿ."

ಇವತ್ತು ನಾನೂ ಕೇಳಿದೆ. ಗಂಟಲು ಕಟ್ಟಿತ್ತು, ಆ ಅಮ್ಮನಿಗೆ ಕೇಳಿಸಿತೋ ಇಲ್ಲವೋ. ಒಂದು ಹಿಡಿ ತೆಗೆದು ಹಾಕಿದರು. ಅದನ್ನು ಚೀಲಕ್ಕೆ ಬೆರೆಸಲಿಲ್ಲ. ಅಂಗಿ ಜೇಬಿನಲ್ಲಿದೆ, ಇನ್ನೂ ಬೆಚ್ಚಗಿದೆ.