ಒಳಗೆ ಹೋದ ನೀರು ಎಲ್ಲಿಂದ ಹೊರಬರಬೇಕು?

ಮೀನಿನ ಗಾಡಿಗಳಿಗೆ ಈಗ ಬಿಡುವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿ ಮಲ್ಪೆಯ ಆಸುಪಾಸಿನ ಗ್ಯಾರೇಜುಗಳ ಮುಂದೆ ಪಿಕಪ್‌ಗಳು ಸಾಲುಗಟ್ಟಿ ನಿಂತಿವೆ. ಅಣ್ಣನದೂ ಅಲ್ಲಿಯೇ ಇದೆ. ಈ ಮಂಗಳವಾರ ಅವನ ಜೊತೆ ಹೋಗಿದ್ದೆ.

ವೆಲ್ಡಿಂಗ್ ಮಾಡುವ ಹಿರಿಯರು ಚಾಲಕನ ಬಾಗಿಲಿನ ಕೆಳಗೆ ಗೋಣಿ ಹಾಸಿ ಮಲಗಿದರು. ಬಾಗಿಲಿನಡಿ ಉದ್ದಕ್ಕೂ ಇರುವ ಟೊಳ್ಳು ತಗಡಿನ ಹೊಸ್ತಿಲ ಪಟ್ಟಿಯ ಅಡಿಗೆ ಬಳಿದಿದ್ದ ಕಪ್ಪು ಲೇಪವನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ಕಿತ್ತರು. ಕಿರುಬೆರಳು ತೂರುವಷ್ಟು ಒಂದು ತೂತು ತೆರೆದುಕೊಂಡಿತು. ಅದರಿಂದ ಕಂದು ನೀರು ಬಂತು. ತೊಟ್ಟಿಕ್ಕಲಿಲ್ಲ, ಸುರಿಯಿತು. ಮೇ ತಿಂಗಳ ಕೊನೆಯಿಂದ ಮೀನು ಹೊರದ ಗಾಡಿಯ ಹೊಟ್ಟೆಯೊಳಗಿಂದ ಮೀನಿನ ವಾಸನೆಯ ನೀರು!

ಆ ಗಾಡಿಗೆ ಹೋದ ವರ್ಷ ಪೂರ್ತಿ ತಳಲೇಪ, ಅಂದರೆ ತುಕ್ಕು ಹಿಡಿಯದಂತೆ ಅಡಿಮೈಗೆ ಬಳಿಯುವ ಲೇಪ, ಮಾಡಿಸಲಾಗಿತ್ತು. ಲೇಪದ ಅಂಗಡಿ ಅದೇ ಬೀದಿಯ ಎದುರು ಬದಿಯಲ್ಲಿದೆ. ಜನ ಸೇರಿದ್ದನ್ನು ನೋಡಿ ಅಂಗಡಿಯ ಯುವಕನೂ ಬಂದ. 'ಎಲ್ಲ ತೂತುಗಳನ್ನೂ ನಾವೇ ಮುಚ್ಚಿದ್ದೇವೆ, ನೀರು ಒಳಗೆ ಹೋಗಲು ಸಾಧ್ಯವೇ ಇಲ್ಲ' ಎಂದ. ಹಿರಿಯರು ಮಲಗಿದಲ್ಲಿಂದಲೇ ಕೇಳಿದರು: 'ಹೋಗಿದೆಯಲ್ಲ. ಹೋದ ನೀರು ಎಲ್ಲಿಂದ ಹೊರಬರಬೇಕು?'

'ಹೋಗುವುದೇ ಇಲ್ಲ ಎಂದೆನಲ್ಲ' ಎಂದು ಅವನು ಮತ್ತೆ ಹೇಳಿದ. ಅವನು ಹಾಗೆ ಹೇಳುತ್ತಿರುವಾಗಲೂ ನೀರು ಸುರಿಯುತ್ತಲೇ ಇತ್ತು. ಹಿರಿಯರು ಎದ್ದು ಮೈ ಒರೆಸಿಕೊಂಡು, ಎಡಬದಿಯ ಬಾಗಿಲಿನ ಗಾಜನ್ನು ಅರ್ಧ ಇಳಿಸಿ, ಗಾಜಿಗೂ ರಬ್ಬರ್ ಪಟ್ಟಿಗೂ ನಡುವೆ ಒಂದು ಮಗ್ ನೀರನ್ನು ಮೆಲ್ಲಗೆ ಸುರಿದರು. ಎಲ್ಲರೂ ಬಾಗಿಲಿನ ಕೆಳಗಂಚನ್ನು ನೋಡುತ್ತ ನಿಂತೆವು. ಒಂದು ಹನಿಯೂ ಹೊರಗೆ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ, ಲೇಪ ಕಾಣದ ಇನ್ನೊಂದು ಹಳೆಯ ಪಿಕಪ್‌ನ ಬಾಗಿಲಿಗೂ ಅಷ್ಟೇ ನೀರು ಸುರಿದರು. ಬಾಗಿಲಿನ ಅಡಿಯ ಸೀಳುಗಳಿಂದ ಸುರಿದದ್ದೆಲ್ಲ ನೆಲಕ್ಕಿಳಿಯಿತು. ಮಳೆ ಬಂದಾಗಲೆಲ್ಲ ಗಾಜಿನ ಪಕ್ಕದಿಂದ ನೀರು ಬಾಗಿಲೊಳಗೆ ಇಳಿಯುತ್ತದೆ. ಇಳಿಯುತ್ತದೆಂದು ಗೊತ್ತಿದ್ದೇ ತಯಾರಕರು ಕೆಳಗೆ ಸೀಳು ಬಿಟ್ಟಿರುತ್ತಾರೆ. ಯುವಕ ಆ ಸೀಳುಗಳನ್ನೂ ಬಿಟ್ಟಿರಲಿಲ್ಲ.

ಅವನು ಕೆಟ್ಟವನಲ್ಲ. ನಯವಾಗಿ ಮಾತನಾಡುತ್ತಾನೆ, ಅಂಗಡಿಯನ್ನು ಚೊಕ್ಕಟವಾಗಿ ಇಟ್ಟುಕೊಂಡಿದ್ದಾನೆ, ಡಬ್ಬಿಯ ಮೇಲೆ ಬರೆದದ್ದನ್ನು ಪೂರ್ತಿ ಓದಿಕೊಂಡಿದ್ದಾನೆ. ಆದರೆ ಲೇಪ ಬಳಿಯುವ ಮೊದಲು ಲೋಹದ ಆ ತೂತು ಅಲ್ಲಿ ಏಕಿದೆ ಎಂದು ಅವನು ಒಮ್ಮೆಯೂ ಕೇಳಿಕೊಂಡಂತಿಲ್ಲ. ಅದೇ ನನಗೆ ಸಿಟ್ಟು. ಹಿರಿಯರು ಮುಂಗೋಪಿ, ಗಿರಾಕಿಗಳ ಮುಂದೆಯೇ ಬೈಯುತ್ತಾರೆ, ಹೇಳಿದ ದಿನಕ್ಕೆ ಗಾಡಿ ಕೊಡುವುದಿಲ್ಲ. ಆದರೂ ಗಾಡಿಯ ತಳ ಅವರಿಗೆ ಗೊತ್ತು.

ಕಾರ್ಖಾನೆಯಲ್ಲಿ ಗಾಡಿಯ ಮೈಯನ್ನು ಬಣ್ಣದ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಮೊದಲ ಪದರ ಹಿಡಿಸುತ್ತಾರೆ. ಮುಚ್ಚಿದ ಪೆಟ್ಟಿಗೆಯಂಥ ಭಾಗಗಳೊಳಗೆ ಬಣ್ಣ ನುಗ್ಗಲು, ಒಳಗಿನ ಗಾಳಿ ಹೊರಡಲು, ಹೆಚ್ಚಾದ ಬಣ್ಣ ಬಸಿದುಹೋಗಲು ತೂತುಗಳು ಬೇಕು. ಆಮೇಲೆ ಕ್ಯಾಬಿನ್ ನೆಲದಲ್ಲಿರುವ ಇಂಥ ತೂತುಗಳಿಗೆ ರಬ್ಬರ್ ಬಿರಡೆ ಹಾಕುತ್ತಾರೆ. ಆ ಬಿರಡೆ ಉದುರಿದರೆ ಚಕ್ರ ಎರಚಿದ ನೀರು ಮ್ಯಾಟಿನ ಅಡಿಯ ಫೆಲ್ಟಿಗೆ ಹತ್ತಿ ಅಲ್ಲಿಯೇ ಕೊಳೆಯುತ್ತದೆ. ಅವನ್ನು ಮುಚ್ಚಲೇಬೇಕು. ಆದರೆ ಹೊಸ್ತಿಲ ಪಟ್ಟಿ, ಬಾಗಿಲು, ಚಾಸಿಯ ಪೆಟ್ಟಿಗೆ ಭಾಗಗಳಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವವು ಬಸಿಗಂಡಿಗಳು. ಅವು ತೆರೆದಿರಬೇಕು. ಒಳಮೈಗೆ ರಕ್ಷಣೆ ಬೇಕೆಂದರೆ ತೆಳು ನಳಿಕೆಯನ್ನು ಆ ತೂತಿನಿಂದಲೇ ತೂರಿಸಿ ಮೇಣ ಸಿಂಪಡಿಸಬೇಕು, ಆಮೇಲೆ ತೂತು ಕಟ್ಟಿಕೊಂಡಿಲ್ಲವೆಂದು ನೋಡಬೇಕು.

ಕಡಲತೀರದಲ್ಲಿ ಇದು ಇನ್ನೂ ಮುಖ್ಯ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮೀನಿನ ಪೆಟ್ಟಿಗೆಗಳಿಂದ ಮಂಜುಗಡ್ಡೆ ಕರಗಿ ಬರುವ ನೀರು ಆ ಉಪ್ಪನ್ನೇ ಹೊತ್ತು ಗಾಡಿಯ ಸಂದುಗೊಂದುಗಳಿಗೆ ಇಳಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ನೀರೊಡೆಯುತ್ತದೆ. ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ಆಷಾಢದಲ್ಲಿ ಹೇಗಿರುತ್ತದೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಉಪ್ಪು ಕುಳಿತ ಕಬ್ಬಿಣ ಮಳೆಗಾಲವಿಡೀ ಒಣಗುವುದೇ ಇಲ್ಲ. ಅದರ ಮೇಲೆ ಲೇಪ ಬಳಿದರೆ ಉಪ್ಪು, ತೇವ ಎರಡೂ ಒಳಗೇ ಉಳಿಯುತ್ತವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ತಗಡಿನ ಪದರಗಳನ್ನು ಸೀಳಿ ಉಬ್ಬುತ್ತದೆ. ಹಿರಿಯರು ಪಟ್ಟಿಯನ್ನು ಕತ್ತರಿಸಿ ತೆಗೆದಾಗ ಹೊರಗಿನ ಕಪ್ಪು ಲೇಪ ಹೊಳೆಯುತ್ತಿತ್ತು. ಒಳಗಿನ ತಗಡು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು.

ಅಣ್ಣ ಏನೂ ಮಾತನಾಡಲಿಲ್ಲ. ಅದೇ ಗಾಡಿಯಲ್ಲಿ ಅವನು ನಸುಕಿಗೆ ಮುಂಚೆ ಹೊರಟು ಆಗುಂಬೆಯ ತಿರುವುಗಳನ್ನು ಹತ್ತುತ್ತಾನೆ. ಅತ್ತಿಗೆ ಮಾತ್ರ ಫೋನಿನಲ್ಲಿ ಸುದ್ದಿ ಕೇಳಿ, 'ಚಾಸಿಯನ್ನೂ ನೋಡಿಸಿ' ಎಂದರು. ಮನೆಯಲ್ಲಿ ಮುಂದಿನದನ್ನು ಯೋಚಿಸುವವರು ಯಾವಾಗಲೂ ಅವರೇ.

ಮನೆಗೆ ಬಂದ ಮೇಲೂ ಆ ಪ್ರಶ್ನೆ ಕಿವಿಯಲ್ಲಿತ್ತು. ಹೋದ ನೀರು ಎಲ್ಲಿಂದ ಹೊರಬರಬೇಕು? ನಮ್ಮ ಬೀದಿಯಲ್ಲಿ ಗುಡ್ಡ ಕಡಿದು ಕಟ್ಟಿದ ಮನೆಗಳ ಹಿಂದೆ ಧರೆ ತಡೆಯುವ ಗೋಡೆಗಳಿವೆ. ಮೇಸ್ತ್ರಿಗಳು ಅವುಗಳಲ್ಲಿ ಅಲ್ಲಲ್ಲಿ ಪೈಪಿನ ತುಂಡುಗಳನ್ನು ಬಿಟ್ಟಿರುತ್ತಾರೆ. ಹಾವು ಬರುತ್ತದೆ, ಗೋಡೆ ಚಂದ ಕಾಣುವುದಿಲ್ಲ ಎಂದು ಮನೆಯವರು ಅವಕ್ಕೆ ಸಿಮೆಂಟು ಮೆತ್ತುತ್ತಾರೆ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆಯಲ್ಲಿ ಮಣ್ಣು ಕುಡಿದ ನೀರೆಲ್ಲ ಗೋಡೆಯ ಬೆನ್ನಿಗೆ ಒತ್ತುತ್ತ ನಿಲ್ಲುತ್ತದೆ. ಗೋಡೆ ಜರಿದಾಗ ಮಳೆಯನ್ನು ಬೈಯುತ್ತೇವೆ. ಮಳೆಗೆ ಹೆದರುವ ನಾವು ನೀರು ಬಾರದಂತೆ ತಡೆಯುವುದಕ್ಕೆ ಎಷ್ಟು ಹಣವನ್ನಾದರೂ ಕೊಡುತ್ತೇವೆ. ಬಂದ ನೀರನ್ನು ಸಾಗಹಾಕುವ ಕೆಲಸಕ್ಕೆ ಬೆಲೆಯೇ ಇಲ್ಲ. ಯುವಕನ ಅಂಗಡಿಯ ಫಲಕದ ಮೇಲೂ 'ಸಂಪೂರ್ಣ ಸೀಲಿಂಗ್' ಎಂದೇ ಇದೆ, ಏಕೆಂದರೆ ಗಿರಾಕಿಗಳು ಕೇಳುವುದು ಅದನ್ನೇ.

ಅದೇ ಅಂಗಡಿಯಲ್ಲಿ ಲೇಪ ಮಾಡಿಸಿಕೊಂಡ ಗಾಡಿಗಳು ಬಂದರಿನಲ್ಲಿ ಇನ್ನೂ ಹಲವಿವೆ. ಅಣ್ಣ ಅವರಿಗೆಲ್ಲ ಹೇಳಿದ. 'ಗ್ಯಾರಂಟಿ ಕಾರ್ಡ್ ಇದೆಯಲ್ಲ' ಎಂಬ ಉತ್ತರವೇ ಹೆಚ್ಚು ಬಂತು. ಆ ಚಾಲಕರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಬೇಡಿಕೆ ಇಷ್ಟೇ: ಆಗಸ್ಟ್ ಬರುವ ಮೊದಲು ಬಾಗಿಲಿನ ಗಾಜಿನ ಪಕ್ಕದಲ್ಲಿ ಒಂದು ಮಗ್ ನೀರು ಸುರಿದು ನೋಡಿ. ಕೆಳಗೆ ಬಾರದಿದ್ದರೆ ಆ ದಿನವೇ ಸೀಳುಗಳನ್ನು ಬಿಡಿಸಿ, ಹೊಸ್ತಿಲ ಪಟ್ಟಿಯ ಬಸಿಗಂಡಿಗಳನ್ನೂ ತೆರೆಸಿ, ಒಳಗಿನ ಉಪ್ಪು ಹೋಗುವವರೆಗೆ ಸಿಹಿನೀರು ಹಾಯಿಸಿ. ಕ್ಯಾಬಿನ್ ನೆಲದ ಬಿರಡೆಗಳಿಗೆ ಮಾತ್ರ ಕೈ ಹಚ್ಚಬೇಡಿ.