ಗುಲ್ಮಾರ್ಗ್‌ಗೆ ಹೊರಟವರು ಎಷ್ಟು ಅಗಲದ ಸ್ಕೀ ಒಯ್ಯಬೇಕು?

ಜನವರಿಯ ಕೊನೆಯ ವಾರ. ಎರಡು ಹಗಲು, ಎರಡು ರಾತ್ರಿ ಬಿಡದೆ ಸುರಿದ ಹಿಮ ನಿಂತ ಬೆಳಿಗ್ಗೆ ಗುಲ್ಮಾರ್ಗ್‌ನ ನಮ್ಮ ಹೋಟೆಲಿನ ಬಾಗಿಲು ತೆರೆದರೆ ಅಂಗಳದ ಬೇಲಿಯೇ ಕಾಣುತ್ತಿರಲಿಲ್ಲ. ಕಾಶ್ಮೀರಿಗಳು ಚಿಲ್ಲೈ ಕಲಾನ್ ಎಂದು ಕರೆಯುವ ನಲವತ್ತು ದಿನಗಳ ಕಡುಚಳಿ ಮುಗಿಯುತ್ತಾ ಬಂದಿತ್ತು. ನನ್ನ ಬಳಿ 106 ಮಿಲಿಮೀಟರ್ ಅಗಲದ ಸ್ಕೀ ಇತ್ತು. ಜೊತೆಗೆ ಬಂದಿದ್ದ ಗೆಳೆಯನ ಬಳಿ 118ರದ್ದು. ಆರು ದಿನ ಒಂದೇ ಬೆಟ್ಟದಲ್ಲಿ ಇವೆರಡನ್ನೂ ಅಕ್ಕಪಕ್ಕ ಓಡಿಸಿ ನೋಡುವ ಅವಕಾಶ ಸಿಕ್ಕಿತು. ಗುಲ್ಮಾರ್ಗ್‌ಗೆ ಹೋಗಬೇಕೆಂದು ಸ್ವಂತ ಸ್ಕೀಗೆ ಹಣ ಕೂಡಿಸುತ್ತಿರುವವರು ಕೊಳ್ಳುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಸ್ಕೀಯ ಅಗಲ ಎಂದರೆ ಬೂಟಿನ ಕೆಳಗಿನ ನಡುಭಾಗದ ಅಳತೆ. ಮೂತಿ ಮತ್ತು ಬಾಲ ಅದಕ್ಕಿಂತ ಅಗಲವಾಗಿಯೇ ಇರುತ್ತವೆ. ಕೆಲವು ವರ್ಷಗಳ ಹಿಂದೆ ನಾನು ಮೊದಲ ಸಲ ಗುಲ್ಮಾರ್ಗ್‌ಗೆ ಹೋದದ್ದು ಅಲ್ಲಿನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಲ್ಲಿ ಕಲಿಯಲು. ಕಲಿಕೆಯ ಗಟ್ಟಿ ಇಳಿಜಾರಿನಲ್ಲಿ 80ರ ಆಸುಪಾಸಿನ ಸಪೂರ ಸ್ಕೀ ಹೇಳಿದ ಮಾತು ಕೇಳುತ್ತಿತ್ತು. ಕೋರ್ಸ್ ಮುಗಿಸಿ ಅಂಥದ್ದನ್ನೇ ಬಾಡಿಗೆಗೆ ಪಡೆದು ಮೇಲಿನ ಹೊಸ ಹಿಮಕ್ಕೆ ಇಳಿದಾಗ ಮೊಣಕಾಲಿನವರೆಗೆ ಹೂತುಹೋದೆ. ಉತ್ತ ಗದ್ದೆಯ ಕೆಸರಿನಲ್ಲಿ ಬರಿಗಾಲು ಹೂಳುತ್ತದೆ, ಅದೇ ಕೆಸರನ್ನು ಸಮ ಮಾಡುವ ಹಲಗೆಯ ಮೇಲೆ ನಿಂತವರು ತೇಲುತ್ತಾರೆ. ಅಗಲ ಸ್ಕೀ ಮಾಡುವ ಕೆಲಸವೂ ಅದೇ.

ಹಾಗಾದರೆ ಅಗಲವಿದ್ದಷ್ಟೂ ಒಳ್ಳೆಯದೇ? ನನ್ನ ಗೆಳೆಯ ಹಾಗೆಯೇ ನಂಬಿ 118 ಕೊಂಡಿದ್ದ. ಮೊದಲ ದಿನ ಅವನ ಮಾತು ನಿಜವೆನಿಸಿತು. ಗೊಂಡೋಲಾ ಎಂಬ ಕೇಬಲ್ ಕಾರು ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಿಂದ ಕೊಂಗ್ದೂರಿಗೆ, ಅಲ್ಲಿಂದ ಎರಡನೇ ಹಂತದಲ್ಲಿ ಸುಮಾರು 3,950 ಮೀಟರಿನ ಅಫರ್ವಟ್ ಬೆಟ್ಟದ ಶಿಖರಸಾಲಿಗೆ ಒಯ್ಯುತ್ತದೆ. ಸೊಂಟದೆತ್ತರದ ಹಿಟ್ಟಿನಂಥ ಹಿಮದಲ್ಲಿ ಅವನು ದೊಡ್ಡ ದೊಡ್ಡ ತಿರುವುಗಳಲ್ಲಿ ಹಾರಿಕೊಂಡೇ ಇಳಿದ. ನಾನು ಸ್ವಲ್ಪ ಹೆಚ್ಚು ಮುಳುಗಿದೆ, ಸ್ವಲ್ಪ ಹೆಚ್ಚು ದುಡಿದೆ. ಆದರೂ ಒಮ್ಮೆಯೂ ಹೂಳಲಿಲ್ಲ.

ಗುಲ್ಮಾರ್ಗ್‌ನಲ್ಲಿ ಆ ಸುಖ ಬೇಗ ಮುಗಿಯುತ್ತದೆ, ಇದನ್ನು ಹೋಗುವ ಮುನ್ನವೇ ತಿಳಿದಿರಬೇಕು. ಗೊಂಡೋಲಾದ ಕೆಳಗಿನ ಬೋಗುಣಿಯಂಥ ಇಳಿಜಾರು ಮಧ್ಯಾಹ್ನದೊಳಗೆ ನೂರಾರು ಜನರ ತಿರುವುಗಳಿಂದ ಗುಂಡು ಗುಂಡು ದಿಬ್ಬಗಳಾಗಿ ಬಿಗಿಯುತ್ತದೆ. ಮೂರನೇ ದಿನ ಶಿಖರಸಾಲಿನ ಮೇಲೆ ಗಾಳಿ ಹಿಮವನ್ನು ಒತ್ತಿ ಹಲಗೆಯಂತೆ ಮಾಡಿತ್ತು. ಕೆಳಗೆ ಬಾಬಾ ರೇಷಿ ದರ್ಗಾದ ಕಡೆಗೆ ದೇವದಾರು, ಪೈನ್ ಮರಗಳ ನಡುವೆ ಇಳಿಯುವ ದಾರಿಯ ಕೊನೆಯಲ್ಲಿ ಹಿಮ ಬಿಸಿಲಿಗೆ ಕರಗಿ, ಮತ್ತೆ ಹೆಪ್ಪುಗಟ್ಟಿ, ಮೇಲೆ ಗರಿಗರಿ ಪದರ ಕಟ್ಟಿಕೊಂಡಿತ್ತು. ಸಾವಿರದ ಐನೂರು ಮೀಟರಿಗೂ ಹೆಚ್ಚಿನ ಒಂದೇ ಇಳಿತದಲ್ಲಿ ಇಷ್ಟು ಬಗೆಯ ಹಿಮ ಸಿಗುತ್ತದೆ. ಗಟ್ಟಿ ನೆಲದಲ್ಲಿ ಸ್ಕೀಯನ್ನು ಅಂಚಿನ ಮೇಲೆ ಎತ್ತಿ ನಿಲ್ಲಿಸಬೇಕು. ನಡು ಅಗಲವಾದಷ್ಟೂ ಆ ಅಂಚು ಪಾದದ ನೇರದಿಂದ ದೂರ ಸರಿಯುತ್ತದೆ, ಹೊರೆ ಪಾದದ ಗಂಟು ಮತ್ತು ಮೊಣಕಾಲಿಗೆ ಬೀಳುತ್ತದೆ. ಮೂರನೇ ದಿನ ಸಂಜೆ ಗೆಳೆಯ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಿದ್ದ.

ಐದನೇ ದಿನ ಗಾಳಿ ಜೋರಾಗಿ ಗೊಂಡೋಲಾ ನಡೆಯಲಿಲ್ಲ. ಅಲ್ಲಿ ಇದು ಅಪರೂಪವಲ್ಲ. ಆರು ದಿನಕ್ಕೆ ಹೋದರೆ ಒಂದೆರಡು ದಿನ ಹೀಗೆ ಹೋಗುತ್ತವೆ ಎಂದುಕೊಂಡೇ ಹೊರಡಿ. ಸ್ಕೀ ತೊಟ್ಟೇ ಬೆಟ್ಟ ಏರಬಲ್ಲವರಿಗೆ ಆ ದಿನವೂ ದಕ್ಕುತ್ತದೆ. ನಮ್ಮ ಗೈಡ್ ಮಂಕಿ ಹಿಲ್‌ನ ಕಾಡಿನ ದಾರಿ ಆರಿಸಿದರು. ಸ್ಕೀಯ ಅಡಿಗೆ ಸ್ಕಿನ್ ಎಂಬ ಒರಟು ಪಟ್ಟಿ ಅಂಟಿಸಿ, ಬೂಟಿನ ಹಿಮ್ಮಡಿಯನ್ನು ಸ್ಕೀಯಿಂದ ಬಿಚ್ಚಿ ನಡೆಯುವುದು ಕ್ರಮ. ನನ್ನ ಒಂದು ಸ್ಕೀ 1,750 ಗ್ರಾಂ, ಬೂಟನ್ನು ಅದಕ್ಕೆ ಹಿಡಿದಿಡುವ ಬೈಂಡಿಂಗ್ ಸುಮಾರು 900. ಗೆಳೆಯನದು 2,300 ಗ್ರಾಂ, ಅದರ ಮೇಲೆ ಹಳೆಯ ಚೌಕಟ್ಟಿನ ಬೈಂಡಿಂಗ್ 1,300. ಚೌಕಟ್ಟಿನ ಬೈಂಡಿಂಗ್‌ನಲ್ಲಿ ಪ್ರತಿ ಹೆಜ್ಜೆಗೂ ಹಿಮ್ಮಡಿಯ ಜೊತೆ ಆ ಕಬ್ಬಿಣವೂ ಮೇಲೇಳಬೇಕು. ಕಾಲೊಂದಕ್ಕೆ ಸುಮಾರು ಒಂದು ಕಿಲೋ ವ್ಯತ್ಯಾಸ ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಏನೂ ಅನ್ನಿಸುವುದಿಲ್ಲ. ನಾನು ಎರಡನೇ ಸಲ ಏರುವಾಗ ಅವನು ಕೆಳಗೇ ಉಳಿದ.

ನಾನೂ ಒಂದು ತಪ್ಪು ಮಾಡಿದ್ದೆ. ಹಣ ಉಳಿಸಲು ಹಿಂದಿನ 98ರ ಸ್ಕೀಗೆ ಕತ್ತರಿಸಿದ್ದ ಸ್ಕಿನ್‌ಗಳನ್ನೇ ತಂದಿದ್ದೆ. ಎರಡೂ ಬದಿಯಲ್ಲಿ ನುಣುಪು ತಳ ಬರಿದಾಗಿ ಉಳಿದಿತ್ತು. ನೇರ ಏರಿಕೆಯಲ್ಲಿ ತೊಂದರೆಯಾಗಲಿಲ್ಲ. ಗಟ್ಟಿ ಇಳಿಜಾರನ್ನು ಅಡ್ಡ ಹಾಯುವಾಗ, ಕಾಲಿನ ಭಾರವೆಲ್ಲ ಒಂದು ಅಂಚಿಗೆ ಬಿದ್ದು ಆ ಬರಿದಾದ ಭಾಗವೇ ಹಿಮಕ್ಕೆ ತಾಗಿತು. ಎಂಟು ಹತ್ತು ಅಡಿ ಜಾರಿ ಮರದ ಬುಡದಲ್ಲಿ ನಿಂತೆ. ಸ್ಕಿನ್ ಲೋಹದ ಅಂಚುಗಳನ್ನಷ್ಟೇ ಬಿಟ್ಟು ಇಡೀ ತಳವನ್ನು ಮುಚ್ಚಬೇಕು. ಹೊಸ ಸ್ಕೀ ಕೊಂಡರೆ ಅದರ ಅಳತೆಗೇ ಹೊಸ ಸ್ಕಿನ್ ಕತ್ತರಿಸಿ, ಅದನ್ನು ಸ್ಕೀಯ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ. ಇಳಿಯುವಾಗ ಅವನ್ನು ಜಾಕೆಟ್ಟಿನ ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಚಳಿಗೆ ಅಂಟು ಸತ್ತರೆ ಎರಡನೇ ಏರಿಕೆ ಇಲ್ಲ.

ಒಂದೇ ಜೋಡಿ ಒಯ್ಯುವುದಾದರೆ ನನ್ನ ಖಚಿತ ಅಭಿಪ್ರಾಯ: 100ರಿಂದ 108ರ ನಡುವೆ ಆರಿಸಿ. ಎಂಬತ್ತೈದು ಕಿಲೋ ದಾಟಿದವರು 110, 112ರವರೆಗೆ ಹೋಗಬಹುದು. ಗೊಂಡೋಲಾ ಬಿಟ್ಟು ಏರಿಕೆಯೇ ಹೆಚ್ಚೆನ್ನುವವರು 95ರ ಕಡೆಗೆ ಇಳಿಯಬಹುದು. ಮೂತಿ ಉದ್ದವಾಗಿ ಮೇಲಕ್ಕೆ ಬಾಗಿರಲಿ, ಮೆದು ಹಿಮದಲ್ಲಿ ಅದೇ ತೇಲಿಸುತ್ತದೆ. ಬೂಟಿನ ಕೆಳಗೆ ಮಾತ್ರ ಸ್ವಲ್ಪ ಕಮಾನು ಇರಲೇಬೇಕು, ಗಟ್ಟಿ ಹಿಮದ ಹಿಡಿತ ಬರುವುದು ಅಲ್ಲಿಂದ. ಉದ್ದ ನಿಮ್ಮ ಎತ್ತರದ ಆಸುಪಾಸಿನಲ್ಲಿರಲಿ. ನಾನು 168 ಸೆಂಟಿಮೀಟರ್, ನನ್ನ ಸ್ಕೀ 172. ಒಂದೊಂದು ಸ್ಕೀಯ ತೂಕ 1,600ರಿಂದ 1,900 ಗ್ರಾಂ ಒಳಗಿದ್ದರೆ ಒಳ್ಳೆಯದು. ತೀರಾ ಹಗುರವಾದದ್ದು ದಿಬ್ಬಗಳ ಮೇಲೆ ಅದುರಿ ಹಲ್ಲು ಕಟಕಟಿಸುವಂತೆ ಮಾಡುತ್ತದೆ.

ಸ್ಕೀಗಿಂತ ಮೊದಲು ಬೂಟು ಕೊಳ್ಳಿ. ಕಾಲಿಗೆ ಸರಿಹೊಂದುವ ಬೂಟು ಬಾಡಿಗೆಗೆ ಸಿಗುವುದು ಕಷ್ಟ. ಬೂಟಿನ ಮೂತಿಯನ್ನು ಎರಡೂ ಬದಿಯಿಂದ ಸಣ್ಣ ಮೊಳೆಗಳಿಂದ ಹಿಡಿಯುವ ಪಿನ್ ಬೈಂಡಿಂಗ್‌ಗೆ ಬೂಟಿನ ಮುಂಭಾಗದಲ್ಲಿ ಲೋಹದ ಗುಳಿಗಳಿರಬೇಕು, ಸಾಮಾನ್ಯ ಇಳಿಜಾರಿನ ಬೂಟುಗಳಲ್ಲಿ ಅವು ಇರುವುದಿಲ್ಲ. ಏರುವಾಗ ಪಿನ್, ಇಳಿಯುವಾಗ ಸಾಮಾನ್ಯ ಬೈಂಡಿಂಗ್‌ನಂತೆ ಹಿಡಿಯುವ ಮಿಶ್ರ ಬಗೆಯದು ಗುಲ್ಮಾರ್ಗ್‌ಗೆ ತಕ್ಕದ್ದು. ಬೂಟು ಕಳಚಿದಾಗ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕಿನ ಅಗಲ ಸ್ಕೀಯ ನಡುವಿಗಿಂತ ಕೆಲವು ಮಿಲಿಮೀಟರ್ ಹೆಚ್ಚಿರಲಿ. ನನ್ನ ಜೋಡಿಯನ್ನು ಡೆನ್ವರ್‌ನಲ್ಲಿರುವ ಅಕ್ಕ ಸೀಸನ್ ಮುಗಿದ ಮೇಲೆ ಅಂಗಡಿಯೊಂದರಿಂದ ಕೊಂಡು ತಂದಳು; ಗಿರಾಕಿಗಳು ಓಡಿಸಿ ನೋಡಲು ಇಟ್ಟಿದ್ದ ಸ್ಕೀಗಳು ಏಪ್ರಿಲ್ ಹೊತ್ತಿಗೆ ಅಗ್ಗವಾಗುತ್ತವೆ. ಹಳೆಯದನ್ನು ಕೊಳ್ಳುವಾಗ ಅಂಚು ಬಿರುಕು ಬಿಟ್ಟಿದೆಯೇ, ಪದರಗಳು ಬಿಚ್ಚಿವೆಯೇ, ಬೈಂಡಿಂಗ್‌ಗೆ ಎಷ್ಟು ಸಲ ತೂತು ಕೊರೆದಿದ್ದಾರೆ ಎಂದು ನೋಡಿ. ಗುಲ್ಮಾರ್ಗ್‌ನ ಅಂಗಡಿಗಳಲ್ಲಿ ಅಗಲ ಸ್ಕೀ ಬಾಡಿಗೆಗೆ ಸಿಗುತ್ತದೆ. ಏರುವ ಬೈಂಡಿಂಗ್ ಇರುವ ಜೋಡಿ ಬೇಕೆಂದರೆ ಮೊದಲೇ ಫೋನ್ ಮಾಡಿ ಕಾಯ್ದಿರಿಸಿ.

ಇನ್ನು, ಅಗಲ ಸ್ಕೀ ಕಾಲಿಗೆ ಬಂದ ಮೇಲೆ ಎಲ್ಲ ಬಿಳಿ ಇಳಿಜಾರೂ ಕರೆಯುತ್ತದೆ. ದಯವಿಟ್ಟು ಹೋಗಬೇಡಿ. ಹಿಮಕುಸಿತ ತಡೆಯುವ ಕೆಲಸ ನಡೆಯುವುದು ಗೊಂಡೋಲಾದ ಕೆಳಗಿನ ಇಳಿಜಾರಿನಲ್ಲಿ. ಶಿಖರಸಾಲಿನ ಆಚೆಗಿನದೆಲ್ಲ ಕಾಡು ಬೆಟ್ಟ. 2023ರ ಫೆಬ್ರವರಿ 1ರಂದು ಹಾಪತ್‌ಖುದ್ ಬಳಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಒಬ್ಬರು ಹಿಮಕುಸಿತದಲ್ಲಿ ತೀರಿಕೊಂಡರು. ಸಂಕೇತ ಕಳುಹಿಸುವ ಬೀಕನ್, ಉದ್ದನೆಯ ಪ್ರೋಬ್ ಕಡ್ಡಿ, ಸಲಿಕೆ ಈ ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು, ಬಳಸಿ ಅಭ್ಯಾಸವೂ ಆಗಿರಬೇಕು. ಹೂತವರು ಬದುಕುವ ಅವಕಾಶ ಮೊದಲ ಹತ್ತು ಹದಿನೈದು ನಿಮಿಷಗಳ ನಂತರ ಥಟ್ಟನೆ ಕುಸಿಯುತ್ತದೆ. ಅಷ್ಟರಲ್ಲಿ ಅಗೆದು ತೆಗೆಯಬಲ್ಲವರು ಪಕ್ಕದಲ್ಲಿರುವ ನೀವೇ. ಸ್ಥಳೀಯ ಗೈಡ್ ಇಲ್ಲದೆ ಶಿಖರಸಾಲಿನ ಆಚೆ ಇಳಿಯಬೇಡಿ, ಅವರು ಬೇಡ ಎಂದ ದಿನ ವಾದಿಸಬೇಡಿ.

ಪ್ರಯಾಣದ ಮಾತು ಸ್ವಲ್ಪವೇ ಇದೆ. ಬೆಂಗಳೂರಿನಿಂದ ಹೊರಡುವ ಮೊದಲು ಸ್ಕೀ ಚೀಲದ ಉದ್ದ ಮತ್ತು ತೂಕವನ್ನು ವಿಮಾನ ಸಂಸ್ಥೆಗೆ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಹಿಮ ಬಿದ್ದ ದಿನ ತಂಗ್‌ಮಾರ್ಗ್‌ನಲ್ಲಿ ಟ್ಯಾಕ್ಸಿ ಇಳಿದು, ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯಲ್ಲಿ ಉಳಿದ 13 ಕಿಲೋಮೀಟರ್ ಏರಬೇಕಾಗುತ್ತದೆ. ಮರಳುವಾಗ ಶ್ರೀನಗರ ವಿಮಾನ ನಿಲ್ದಾಣದ ಹೊರಗೇ ಎಲ್ಲ ಸಾಮಾನು ಇಳಿಸಿ ತಪಾಸಣೆ ಮಾಡುತ್ತಾರೆ. ಸ್ಕೀ ಚೀಲ ಹೊತ್ತವರು ಮೂರು ಗಂಟೆ ಮೊದಲೇ ಅಲ್ಲಿರಲಿ.