24 ಗಂಟೇಲಿ 1610 ಕಿ.ಮೀ: ಬೆಂಗಳೂರು–ಪುಣೆ–ಬೆಂಗಳೂರು ಸ್ಯಾಡಲ್‌ಸೋರ್ ಮಾಡೋರಿಗೆ

ರಾಣೆಬೆನ್ನೂರು ಅಂತ ಬೋರ್ಡ್ ಕಂಡ ತಕ್ಷಣ ಎದೆ ಧಸಕ್ ಅಂತು. ಹಾವೇರಿ ಯಾವಾಗ ದಾಟ್ದೆ ಅಂತ ನೆನಪೇ ಇಲ್ಲ. ಫ್ಲೈಓವರ್ ಹತ್ತಿದ್ದು, ಇಳಿದಿದ್ದು, ಮೋಟೆಬೆನ್ನೂರು, ಏನೂ ತಲೇಲಿಲ್ಲ. ಸುಮಾರು ಮೂವತ್ತು ಕಿಲೋಮೀಟರ್ ಬೈಕ್ ಓಡಿಸಿದ್ದೀನಿ, ಕಣ್ಣು ತೆರೆದೇ ಇತ್ತು ಅನ್ಸುತ್ತೆ, ಆದ್ರೆ ನಾನು ಅಲ್ಲಿರ್ಲಿಲ್ಲ. ರಾತ್ರಿ ಹನ್ನೊಂದೂವರೆ, ಬೆಂಗಳೂರಿಗೆ ಇನ್ನು 300 ಕಿ.ಮೀ, ಕೈಯಲ್ಲಿ ನಾಲ್ಕೂವರೆ ಗಂಟೆ ಟೈಮ್. ಲೆಕ್ಕ ನೋಡಿದ್ರೆ ಮುಗಿಸಬಹುದಿತ್ತು. ಸರ್ವಿಸ್ ರೋಡಿಗೆ ಇಳಿದು ಸಿಕ್ಕ ಮೊದಲ ಲಾಡ್ಜಲ್ಲಿ ರೂಮ್ ಹಿಡಿದು ಮಲಗ್ಬಿಟ್ಟೆ. ಅದು ಈ 24 ಗಂಟೆ ಬೈಕ್ ರೈಡಿಗೆ ನನ್ನ ಮೊದಲ ಪ್ರಯತ್ನ. ಎರಡನೇ ಸಲ, ಹೋದ ಜನವರೀಲಿ ಮುಗಿಸ್ದೆ. ಎರಡಕ್ಕೂ ಬೈಕ್ ಅದೇ, ರಸ್ತೆ ಅದೇ, ಓಡಿಸೋನೂ ಅದೇ ನಾನು, ಬದಲಾಗಿದ್ದು ತಯಾರಿ ಮಾತ್ರ. ಅದಕ್ಕೇ ಇದನ್ನ ಬರೀತಿರೋದು, ನೀವೂ ಇದನ್ನ ಮಾಡ್ಬೇಕು ಅನ್ಕೊಂಡಿದ್ರೆ ಪೂರ್ತಿ ಓದಿ.

ಗೊತ್ತಿಲ್ದೋರಿಗೆ ಎರಡು ಮಾತು. ಅಮೆರಿಕದಲ್ಲಿ ಐರನ್ ಬಟ್ ಅಸೋಸಿಯೇಷನ್ ಅಂತಿದೆ, ದೂರದ ರೈಡ್ ಮಾಡೋರಿಗೆ ಸರ್ಟಿಫಿಕೇಟ್ ಕೊಡೋ ಸಂಸ್ಥೆ. ಅವರದ್ದೇ 11 ದಿನದ ದೊಡ್ಡ ರ್‍ಯಾಲಿ ಇದೆ, ಅದು ಬೇರೆ ಲೋಕ. ನಮ್ಮಂಥೋರಿಗೆ ಮೊದಲ ಮೆಟ್ಟಿಲು ಸ್ಯಾಡಲ್‌ಸೋರ್ 1000, ಅಂದ್ರೆ 24 ಗಂಟೆ ಒಳಗೆ 1000 ಮೈಲಿ, ಸುಮಾರು 1610 ಕಿ.ಮೀ. ಅದಾದ್ಮೇಲೆ ಬನ್ ಬರ್ನರ್, 36 ಗಂಟೇಲಿ 1500 ಮೈಲಿ. ಇದು ರೇಸ್ ಅಲ್ಲ, ಯಾರು ಬೇಗ ಬಂದ್ರು ಅನ್ನೋ ಪ್ರಶ್ನೆನೇ ಇಲ್ಲ, 16 ಗಂಟೇಲಿ ಮುಗಿಸಿದ್ರೂ 23 ಗಂಟೇಲಿ ಮುಗಿಸಿದ್ರೂ ಸಿಗೋ ಸರ್ಟಿಫಿಕೇಟ್ ಒಂದೇ.

ಈಗ ಲೆಕ್ಕಕ್ಕೆ ಬರೋಣ, ಯಾಕಂದ್ರೆ ಎಲ್ಲರೂ ತಪ್ಪೋದು ಇಲ್ಲೇ. ನಾಲ್ಕು ಪಥದ ಹೆದ್ದಾರೀಲಿ ಬೈಕಿಗೆ ಸ್ಪೀಡ್ ಮಿತಿ 80. ನಿಲ್ಲದೆ 80ರಲ್ಲೇ ಹೋದ್ರೂ 1610ಕ್ಕೆ 20 ಗಂಟೆ ಬೇಕು. ಘಾಟು, ಡೈವರ್ಷನ್, ಊರು ಎಲ್ಲಾ ಸೇರಿ ನನಗೆ ಓಡ್ತಿರೋವಾಗಿನ ಸರಾಸರಿ 78ರ ಹತ್ರ ಬಂತು. ಅಂದ್ರೆ ನಿಲ್ಲೋಕೆ ಅಂತ ಸಿಗೋದು ಮೂರು ಗಂಟೆ ಹತ್ರ ಅಷ್ಟೇ. ಏಳು ಸಲ ಪೆಟ್ರೋಲ್ ಹಾಕಿಸ್ಬೇಕು, ಒಂದೊಂದು ಸಲ ಹತ್ತು ನಿಮಿಷ ಜಾಸ್ತಿ ನಿಂತ್ರೆ 70 ನಿಮಿಷ ಹೋಯ್ತು. ಆ 70 ನಿಮಿಷನ ರಸ್ತೇಲಿ ವಾಪಸ್ ಪಡೀಬೇಕು ಅಂದ್ರೆ 110, 120 ಓಡಿಸ್ಬೇಕಾಗುತ್ತೆ, ರಾತ್ರಿ, ಸುಸ್ತಾಗಿರೋವಾಗ. ಮೊದಲ ಸಲ ನಾನು ಮಾಡಿದ್ದು ಅದನ್ನೇ, ಕೊಲ್ಲಾಪುರದಲ್ಲಿ ಕೂತು ಊಟ ಮಾಡಿ ಮುಕ್ಕಾಲು ಗಂಟೆ ಕಳೆದು ಆಮೇಲೆ ಅದನ್ನ ತುಂಬೋಕೆ ಎಳೆದು ಎಳೆದು ಓಡಿಸಿ, ಹುಬ್ಬಳ್ಳಿ ಬರೋ ಹೊತ್ತಿಗೆ ಮೈಯಲ್ಲಿ ಏನೂ ಉಳಿದಿರ್ಲಿಲ್ಲ. ಟೈಮ್ ಉಳಿಸೋ ಜಾಗ ಬಂಕ್, ಆಕ್ಸಿಲರೇಟರ್ ಅಲ್ಲ.

ಅದಕ್ಕೆ ಬಂಕಲ್ಲಿ ನಿಲ್ಲೋದನ್ನೇ ಮನೆ ಹತ್ರ ಅಭ್ಯಾಸ ಮಾಡಿ. ನಾನು ಮಾಡಿದ್ದು ಹೀಗೆ: ಟ್ಯಾಂಕ್ ಬ್ಯಾಗ್ ಬದಲು ಸೊಂಟದ ಪೌಚ್, ಅದರಲ್ಲಿ ಒಂದು ಖಾನೇಲಿ ದುಡ್ಡು, ಇನ್ನೊಂದರಲ್ಲಿ ಬಿಲ್, ಪೆನ್. ಯುಪಿಐ ನಂಬ್ಕೊಂಡು ಕೂರಬೇಡಿ, ನೆಟ್‌ವರ್ಕ್ ಕೈಕೊಟ್ರೆ ಅಲ್ಲೇ ಐದು ನಿಮಿಷ, ಹಾಗಾಗಿ ಐನೂರರ ನೋಟು ಜೊತೆಗೆ ಚಿಲ್ಲರೆ ಇರ್ಲಿ. ಹೆಲ್ಮೆಟ್ ತೆಗೀದೇ ಪೆಟ್ರೋಲ್, ಬಿಲ್, ಓಡೋಮೀಟರ್ ಫೋಟೋ, ಬಾತ್‌ರೂಮ್, ಎರಡು ಗುಟುಕು ನೀರು, ಹೊರಡು. ಎಂಟು ನಿಮಿಷ.

ಬಿಲ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ರಾಷ್ಟ್ರೀಯ ಹೆದ್ದಾರೀಲಿ ಬೈಕಿಗೆ ಟೋಲ್ ಇಲ್ಲ, ಟೋಲ್ ರಸೀದಿನೂ ಇಲ್ಲ, ಹಾಗಾಗಿ ನೀವು ಎಲ್ಲೆಲ್ಲಿ ಹೋಗಿದ್ರಿ ಅನ್ನೋದಕ್ಕೆ ಸಾಕ್ಷಿ ಪೆಟ್ರೋಲ್ ಬಿಲ್ಲೇ. ನಿಮ್ಮ 24 ಗಂಟೆ ಶುರುವಾಗೋದು ಮೊದಲ ಬಿಲ್ ಮೇಲೆ ಪ್ರಿಂಟ್ ಆಗಿರೋ ಟೈಮಿಂದ, ಮುಗಿಯೋದು ಕೊನೇ ಬಿಲ್ ಟೈಮಿಗೆ. ಬಿಲ್ ಮೇಲೆ ತಾರೀಕು, ಟೈಮ್, ಊರಿನ ಹೆಸರು ಮೂರೂ ಸರಿಯಾಗಿರ್ಬೇಕು. ಮೊದಲ ಪ್ರಯತ್ನದಲ್ಲಿ ಒಂದು ಬಂಕಿನ ಬಿಲ್ಲಲ್ಲಿ ಟೈಮ್ ನಲವತ್ತು ನಿಮಿಷ ಹಿಂದಿತ್ತು, ನಾನು ನೋಡಿದ್ದು ಎಂಬತ್ತು ಕಿ.ಮೀ ಮುಂದೆ ಹೋದ್ಮೇಲೆ. ಈಗ ಬಿಲ್ ಕೈಗೆ ಬಂದ ತಕ್ಷಣ ಮೊಬೈಲ್ ಟೈಮ್ ಜೊತೆ ನೋಡ್ತೀನಿ, ತಪ್ಪಿದ್ರೆ ಅಥವಾ ಪೇಪರ್ ರೋಲ್ ಖಾಲಿ ಅಂದ್ರೆ ಪಕ್ಕದ ಎಟಿಎಮ್ಮಲ್ಲಿ ನೂರು ರೂಪಾಯಿ ತೆಗೆದು ಸ್ಲಿಪ್ ಇಟ್ಕೋತೀನಿ. ಬಿಲ್ ಹಿಂದೆ ಓಡೋಮೀಟರ್ ರೀಡಿಂಗ್ ಬರೀರಿ. ಬೆಳಗಾವಿ ಹತ್ರ ಬಂಕಿನ ಹುಡುಗ "ಇಷ್ಟ್ ಸಣ್ಣ ಬಿಲ್ ಎದಕ್ ಬೇಕ್ರಿ ಸರ" ಅಂತ ಕೇಳ್ದ, ವಿಷಯ ಹೇಳಿದ್ಮೇಲೆ ಅವನೇ ಮಸುಕಾಗಿ ಬಂದಿದ್ದನ್ನ ಹರಿದು ಇನ್ನೊಂದು ಪ್ರಿಂಟ್ ಕೊಟ್ಟ.

ಇನ್ನೊಂದು, ತಿರುಗೋ ಜಾಗದ ಬಿಲ್. ನೀವು ಪುಣೆ ತನಕ ಹೋಗಿ ಬಿಲ್ ತಗೊಂಡಿದ್ದು ಮಾತ್ರ ಅದಕ್ಕೆ ಮೂವತ್ತು ಕಿ.ಮೀ ಮೊದಲೇ ಅಂದ್ರೆ ಆ ಹೋಗಿ ಬಂದ ಅರವತ್ತು ಕಿ.ಮೀ ಲೆಕ್ಕಕ್ಕೆ ಇಲ್ಲ. ಅಸೋಸಿಯೇಷನ್‌ನೋರು ನೋಡೋದು ಬಿಲ್ಲಿಂದ ಬಿಲ್ಲಿಗೆ ಮ್ಯಾಪಲ್ಲಿ ಬರೋ ದೂರ, ನಿಮ್ಮ ಓಡೋಮೀಟರ್ ಅಲ್ಲ. ಓಡೋಮೀಟರ್ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿನೇ ತೋರಿಸುತ್ತೆ, ಅದರಲ್ಲಿ 1615 ಆಯ್ತು ಅಂತ ನಿಲ್ಲಿಸಿದ್ರೆ ಕೆಲಸ ಕೆಡುತ್ತೆ. ಮ್ಯಾಪಲ್ಲಿ 1650 ಬರೋ ಹಾಗೆ ಪ್ಲಾನ್ ಮಾಡಿ. ನಾನು ತುಮಕೂರು ರಸ್ತೆ ಬಂಕಲ್ಲಿ ಶುರು ಮಾಡಿ ಪುಣೆ ಬೈಪಾಸಲ್ಲಿ ವಾಕಡ್ ಹತ್ರ ತಿರುಗಿದೆ. ಹೊರಡೋವಾಗ, ಬಂದಾಗ ಸಾಕ್ಷಿ ಸಹಿನೂ ಇದ್ರೆ ಒಳ್ಳೇದು, ಬೆಳಗಿನ ಜಾವ ಮೂರಕ್ಕೆ ಎದ್ದು ಬರೋ ಒಬ್ಬ ಗೆಳೆಯನ್ನ ಮೊದಲೇ ಒಪ್ಪಿಸಿಟ್ಕೊಳ್ಳಿ.

ದೇಹದ ತಯಾರಿ ಎರಡು ತಿಂಗಳು ಮೊದಲೇ ಶುರು ಆಗ್ಬೇಕು. ಮೊದಲು 500 ಕಿ.ಮೀ, ಎರಡು ವಾರ ಬಿಟ್ಟು 800, ಆಮೇಲೆ ಒಂದು 1000, ಪ್ರತಿಯೊಂದೂ ಒಂದೇ ದಿನದಲ್ಲಿ. ಎಲ್ಲಿ ನೋಯುತ್ತೆ ಅನ್ನೋದು ಆವಾಗ್ಲೇ ಗೊತ್ತಾಗೋದು. ನನಗೆ 600 ದಾಟಿದ್ಮೇಲೆ ಬಲಗೈ ಹೆಬ್ಬೆರಳ ಬುಡ ಮರಗಟ್ತಿತ್ತು, ಹ್ಯಾಂಡಲ್ ಗಟ್ಟಿಯಾಗಿ ಹಿಡೀತಿದ್ದಿದ್ದೇ ಕಾರಣ, ಬ್ರೇಕ್ ಲಿವರ್ ಸ್ವಲ್ಪ ಕೆಳಗೆ ತಿರುಗಿಸಿದ್ಮೇಲೆ ಸರಿ ಹೋಯ್ತು. ಕಾಟನ್ ಒಳಉಡುಪು ಬೇಡ, ಹೊಲಿಗೆ ಚರ್ಮಕ್ಕೆ ಉಜ್ಜಿ ಹುಣ್ಣಾಗುತ್ತೆ, ಸೈಕ್ಲಿಂಗ್ ಶಾರ್ಟ್ಸ್ ಹಾಕಿ. ಇಯರ್ ಪ್ಲಗ್ ಹಾಕಿ, ದಯವಿಟ್ಟು. ಗಾಳಿ ಸದ್ದು ಎಷ್ಟು ಸುಸ್ತು ಮಾಡುತ್ತೆ ಅಂತ ಹಾಕದೇ ಒಂದಿನ ಹಾಕಿ ಒಂದಿನ ಓಡಿಸಿ ನೋಡಿ, ನೂರು ರೂಪಾಯಿ ವಸ್ತು, ಇಡೀ ಕಿಟ್ಟಲ್ಲಿ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ರಾತ್ರಿಗೆ ಹೆಲ್ಮೆಟ್ಟಿಗೆ ಗೀರಿಲ್ಲದ ಕ್ಲಿಯರ್ ವೈಸರ್.

ನಿದ್ದೆ ಬಗ್ಗೆ ನನಗೆ ಈಗ ಭಯವೇ ಇದೆ. ಮೊದಲ ಸಲ ಶುಕ್ರವಾರ ಆಫೀಸ್ ಮುಗಿಸಿ, ಮನೆಗೆ ಬಂದು ಪ್ಯಾಕ್ ಮಾಡಿ, ಮೂರು ಗಂಟೆ ಮಲಗಿ ನಾಲ್ಕಕ್ಕೆ ಹೊರಟಿದ್ದೆ. ಎರಡನೇ ಸಲ ಒಂದು ವಾರ ಮೊದಲಿಂದ್ಲೇ ರಾತ್ರಿ ಎಂಟಕ್ಕೆ ಮಲಗಿ ಮೂರಕ್ಕೆ ಏಳೋದು ರೂಢಿ ಮಾಡ್ಕೊಂಡೆ, ಹಿಂದಿನ ದಿನ ರಜೆ ಹಾಕ್ದೆ, ಪ್ಯಾಕಿಂಗ್ ಎರಡು ದಿನ ಮೊದಲೇ ಮುಗೀತು. ಕಾಫಿ ಹತ್ತು ದಿನ ಬಿಟ್ಟೆ, ಬಿಟ್ಟಿದ್ರಿಂದ ಆ ರಾತ್ರಿ ಹುಬ್ಬಳ್ಳೀಲಿ ಕುಡಿದ ಒಂದು ಲೋಟ ನಿಜವಾಗ್ಲೂ ಕೆಲಸ ಮಾಡ್ತು. ಆದ್ರೆ ಕಾಫಿ ನಿದ್ದೆಗೆ ಬದಲಿ ಅಲ್ಲ. ಆಕಳಿಕೆ ಮೇಲೆ ಆಕಳಿಕೆ ಬಂದ್ರೆ, ಲೇನ್ ಗೆರೆ ಮೇಲೆ ಸುಮ್ಸುಮ್ನೆ ಸರಿದ್ರೆ, ಈಗ್ತಾನೆ ದಾಟಿದ ಊರು ನೆನಪಾಗ್ಲಿಲ್ಲ ಅಂದ್ರೆ, ನಿಲ್ಲಿಸಿ. ಚಿತ್ರದುರ್ಗದ ಬಂಕಲ್ಲಿ ಅಲ್ಲಿನೋರಿಗೆ ಹೇಳಿ ಕಟ್ಟೆ ಮೇಲೆ ಅಲಾರಂ ಇಟ್ಟು ಇಪ್ಪತ್ತು ನಿಮಿಷ ಮಲಗಿದೆ, ಎದ್ದಾಗ ತಲೆ ತೊಳೆದಿಟ್ಟ ಹಾಗಿತ್ತು. ಆ ಇಪ್ಪತ್ತು ನಿಮಿಷ ಪ್ಲಾನಲ್ಲೇ ಇರ್ಲಿ, ಉಳಿದ್ರೆ ನೋಡೋಣ ಅಂತಲ್ಲ.

ಬೈಕ್ ಬಗ್ಗೆ ಜಾಸ್ತಿ ಹೇಳಲ್ಲ. ನಂದು ಡಾಮಿನಾರ್ 400, 13 ಲೀಟರ್ ಟ್ಯಾಂಕ್, ಯಾವ ಬೈಕಾದ್ರೂ ಆಗುತ್ತೆ, ಕಂಡೀಷನ್ ಮುಖ್ಯ. ಸರ್ವಿಸ್ ಹಿಂದಿನ ದಿನ ಮಾಡಿಸ್ಬೇಡಿ, ಎರಡು ವಾರ ಮೊದಲು ಮಾಡಿಸಿ 500 ಕಿ.ಮೀ ಓಡಿಸಿ, ಏನಾದ್ರೂ ಸಡಿಲ ಬಿಟ್ಟಿದ್ರೆ ಅಷ್ಟರಲ್ಲಿ ಗೊತ್ತಾಗುತ್ತೆ. ಹೊಸ ಸೀಟ್, ಹೊಸ ಬೂಟ್, ಹೊಸ ಜಾಕೆಟ್, ಯಾವುದೂ ಆವತ್ತೇ ಮೊದಲು ಅಂತ ಆಗ್ಬಾರ್ದು. ಚೈನ್ ಲ್ಯೂಬ್ ಸಣ್ಣ ಬಾಟಲ್, ಕ್ಲಚ್ ಕೇಬಲ್, ಪಂಚರ್ ಕಿಟ್, ಗಾಳಿ ಹಾಕೋ ಸಣ್ಣ ಮಷೀನ್. ಪಂಚರ್ ಹಾಕೋದನ್ನ ಮನೇಲಿ ಹಳೇ ಟೈರ್ ಮೇಲೆ ಒಂದು ಸಲ ಮಾಡಿ ನೋಡಿ.

ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ವಾಪಸ್ ಬರೋವಾಗ ಸಂಕೇಶ್ವರ ಹತ್ರ, ಆರೂಮುಕ್ಕಾಲು ಇರ್ಬೇಕು, ಹಿಂದಿನ ಚಕ್ರ ಮೀನಿನ ಬಾಲದ ಥರ ಆಡೋಕೆ ಶುರು ಆಯ್ತು. ಪಕ್ಕಕ್ಕೆ ಹಾಕಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ಮೊಳೆ. ಅದನ್ನ ಇಕ್ಕಳದಲ್ಲಿ ಎಳೆದು, ತೂತು ಉಜ್ಜೋ ರೀಮರ್ ತೂರಿಸಿ ತಿರುಗಿಸೋಕೆ ಎರಡೂ ಕೈ ಬೇಕು, ಮೊಬೈಲ್ ಬಾಯಲ್ಲಿ. ಕಬ್ಬಿನ ಟ್ರ್ಯಾಕ್ಟರ್ ಒಂದು ಮುಂದೆ ಹೋಗಿ ನಿಲ್ತು, ಡ್ರೈವರ್ ಇಳಿದು ಬಂದು "ತಡೀರಿ ಅಣ್ಣಾರ, ನಾ ಲೈಟ್ ಹಿಡಿತೀನಿ" ಅಂತ ಬ್ಯಾಟರಿ ಹಿಡ್ಕೊಂಡು ಕೂತ. ರಬ್ಬರ್ ಸ್ಟ್ರಿಪ್ಪಿಗೆ ಸಲ್ಯೂಷನ್ ಹಚ್ಚಿ ತುರುಕಿ, ಗಾಳಿ ತುಂಬಿ, ನೀರು ಸುರಿದು ಗುಳ್ಳೆ ಬರುತ್ತಾ ಅಂತ ಇಬ್ರೂ ಬಗ್ಗಿ ನೋಡಿದ್ವಿ. ಬರ್ಲಿಲ್ಲ. ಇಪ್ಪತ್ತೈದು ನಿಮಿಷ. ದುಡ್ಡು ಮುಟ್ಟಲಿಲ್ಲ ಅವನು, "ಮುಂದ ಕಬ್ಬಿನ ಗಾಡಿ ಭಾಳ ಅದಾವ, ಸಾವಕಾಶ ಹೋಗ್ರಿ" ಅಂದ.

ಅವನು ಹೇಳಿದ್ದು ನಿಮಗೂ ಅನ್ವಯ. ಈ ರೈಡಿಗೆ ನವೆಂಬರಿಂದ ಫೆಬ್ರವರಿ ಒಳ್ಳೇ ಕಾಲ, ಬಿಸಿಲಿಲ್ಲ ಮಳೆಯಿಲ್ಲ, ಆದ್ರೆ ಅದೇ ಕಬ್ಬು ಕಡಿಯೋ ಕಾಲ. ಬೆಳಗಾವಿಯಿಂದ ಕರಾಡ್ ತನಕ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಎಷ್ಟೋ ಗಾಡಿಗೆ ಹಿಂದೆ ಲೈಟಿಲ್ಲ, ಕಬ್ಬಿನ ಜಲ್ಲೆ ಆಚೆ ಚಾಚ್ಕೊಂಡಿರುತ್ತೆ. ಈ ಪಟ್ಟಿನ ಆದಷ್ಟು ಬೆಳಕಲ್ಲಿ ದಾಟೋ ಹಾಗೆ ನೋಡ್ಕೊಳ್ಳಿ. ನಾನು 3:12ಕ್ಕೆ ಹೊರಟಿದ್ದಕ್ಕೆ ಹೋಗೋವಾಗ ಪೂರ್ತಿ ಬೆಳಕು ಸಿಕ್ತು, ಬರೋವಾಗ ನಿಪ್ಪಾಣಿ ತನಕ. ಮಳೆಗಾಲದಲ್ಲಿ ಬೇಡವೇ ಬೇಡ, 2019 ಮತ್ತು 2021ರಲ್ಲಿ ಪಂಚಗಂಗಾ ಉಕ್ಕಿ ಕೊಲ್ಲಾಪುರ ಹತ್ರ ಈ ಹೆದ್ದಾರಿನೇ ಬಂದ್ ಆಗಿತ್ತು.

ರಸ್ತೆ ಬಗ್ಗೆ ಉಳಿದಿದ್ದು ಬೇಗ ಹೇಳ್ತೀನಿ. ಹಿರಿಯೂರು, ಚಿತ್ರದುರ್ಗ ಸುತ್ತ ಗಾಳಿಯಂತ್ರ ಸುಮ್ನೆ ಹಾಕಿಲ್ಲ, ಅಡ್ಡಗಾಳಿ ಇರುತ್ತೆ, ಲಾರಿ ದಾಟಿದ ತಕ್ಷಣ ಒಂದು ಏಟು ಬೀಳುತ್ತೆ. ನಾನು ಹೋದಾಗ ಹುಬ್ಬಳ್ಳಿ–ಧಾರವಾಡ ಬೈಪಾಸ್ ಅಗಲ ಮಾಡೋ ಕೆಲಸ, ಆಕಡೆ ಕಾಗಲ್–ಸಾತಾರಾ ನಡುವೆ ಆರು ಪಥದ ಕೆಲಸ ನಡೀತಿತ್ತು, ಡೈವರ್ಷನ್ ಎಲ್ಲಿದೆ ಅಂತ ಹಿಂದಿನ ವಾರ ಆ ಕಡೆ ಹೋಗಿ ಬಂದೋರನ್ನ ಕೇಳಿ. ಪುಣೇಲಿ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯೋ ಇಳಿಜಾರಲ್ಲಿ ಬ್ರೇಕ್ ಫೇಲಾದ ಲಾರಿಗಳಿಂದ ಪದೇ ಪದೇ ಅಪಘಾತ ಆಗಿದೆ, ಅಲ್ಲಿ ಯಾವ ಲಾರಿ ಮುಂದೂ ಇರ್ಬೇಡಿ, ಕನ್ನಡಿ ನೋಡ್ತಾ ಇರಿ.

ಊಟ: ಹೊಟ್ಟೆ ತುಂಬಾ ತಿಂದ್ರೆ ಒಂದು ಗಂಟೆಗೆ ತೂಕಡಿಕೆ. ದಾವಣಗೆರೆ ಬೆಣ್ಣೆ ದೋಸೆ ಇನ್ನೊಂದಿನ ತಿನ್ನೋಣ. ಬೆಳಗಾವೀಲಿ ಇಪ್ಪತ್ತು ನಿಮಿಷ ಕೂತು ಎರಡು ಇಡ್ಲಿ, ಉಳಿದಂತೆ ಬಾಳೆಹಣ್ಣು, ಶೇಂಗಾ ಚಿಕ್ಕಿ, ಮನೆಯವಳು ಕಟ್ಟಿಕೊಟ್ಟ ಮೊಸರನ್ನ ಸ್ವಲ್ಪ ಸ್ವಲ್ಪ. ಬೆನ್ನಿಗೆ ನೀರಿನ ಬ್ಯಾಗ್ ಇರ್ಲಿ, ಅದರಲ್ಲಿ ಓಆರ್‌ಎಸ್ ಹಾಕಿ, ಓಡಿಸ್ತಾನೇ ಗುಟುಕು ಗುಟುಕಾಗಿ ಕುಡೀರಿ. ಮನೆಯೋರಿಗೆ ಲೈವ್ ಲೊಕೇಷನ್ ಕಳಿಸಿ, ಪ್ರತಿ ಬಂಕಲ್ಲಿ ಒಂದು ಮೆಸೇಜ್.

ಕೊನೇ ಬಿಲ್ ಮೇಲೆ 2:32 ಅಂತಿತ್ತು. ಅಂದ್ರೆ 23 ಗಂಟೆ 20 ನಿಮಿಷ, ಪಂಚರ್ರೂ ನಿದ್ದೆನೂ ಸೇರಿ ನಿಂತಿದ್ದು ಎರಡು ಗಂಟೆ ಮೇಲೆ ಸ್ವಲ್ಪ. ಗೆಳೆಯ ಬಂದು ಸಹಿ ಹಾಕಿ, ಬೈಕ್ ಕೀ ನನ್ನಿಂದ ಇಸ್ಕೊಂಡು ಕಾರಲ್ಲಿ ಕೂರಿಸ್ದ. ಇದನ್ನೂ ಮೊದಲೇ ಮಾತಾಡಿಟ್ಕೊಳ್ಳಿ, ಮುಗೀತು ಅಂತ ಮನಸ್ಸು ಸಡಿಲ ಬಿಟ್ಟ ಮೇಲೆ ಮನೆ ತನಕದ ಹತ್ತು ಕಿ.ಮೀ ತುಂಬಾ ಅಪಾಯ. ಮಾರನೇ ದಿನಕ್ಕೂ ರಜೆ ಇರ್ಲಿ. ಎದ್ದ ತಕ್ಷಣ ಎಲ್ಲಾ ಬಿಲ್ ಸ್ಕ್ಯಾನ್ ಮಾಡಿ ಎತ್ತಿಡಿ, ಥರ್ಮಲ್ ಪೇಪರ್ ಅದು, ನನ್ನ ಮೊದಲ ಪ್ರಯತ್ನದ ಬಿಲ್ಲುಗಳು ಡ್ರಾಯರಲ್ಲೇ ಇವೆ, ಒಂದರ ಮೇಲೂ ಈಗ ಟೈಮ್ ಕಾಣಲ್ಲ.